ಪ್ರಯೋಗದ ಹಂತದಲ್ಲಿರುವ ಚಿಕಿತ್ಸೆಯನ್ನು ತರಗತಿಯಲ್ಲಿ ಹೇಳುವುದು: ಮಧುಮೇಹ, ಜೀವಕೋಶ ಕಸಿ ಮತ್ತು ಹತ್ತನೇ ತರಗತಿಯ ಮೂರು ಅವಧಿಗಳು

ಈ ವರ್ಷದ ಬೋಧನಾ ಅಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಸುಲ್ತಾನ್‌ಪೇಟೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಹತ್ತನೇ ತರಗತಿಯಲ್ಲಿ 41 ಮಕ್ಕಳು. ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕದ ಕೊನೆಯ ಭಾಗ, ಅಂದರೆ ಪ್ರಾಣಿಗಳಲ್ಲಿ ಹಾರ್ಮೋನುಗಳು, ನನ್ನ ಪಾಲಿಗೆ ಬಂದಿತ್ತು. ಪಠ್ಯಪುಸ್ತಕದಲ್ಲಿ ಇನ್ಸುಲಿನ್‌ಗೆ ಇರುವ ಜಾಗ ಚಿಕ್ಕದು. ಕೋಷ್ಟಕದಲ್ಲಿ ಒಂದು ಸಾಲು. ಹಿಮ್ಮಾಹಿತಿ ವ್ಯವಸ್ಥೆಗೆ ಉದಾಹರಣೆಯಾಗಿ ಕೆಲವು ವಾಕ್ಯಗಳು. ಪಾಠ ಯೋಜನೆಯಲ್ಲಿ ನಾನು ಇದಕ್ಕೆ ಇಟ್ಟಿದ್ದು ಒಂದೇ ಅವಧಿ. ಆಗಿದ್ದು ಮೂರು. ಹೆಚ್ಚಾದ ಎರಡು ಅವಧಿಗಳು ಏಕೆ ಬೇಕಾದವು, ಅವುಗಳಲ್ಲಿ ಏನು ಮಾಡಿದೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯ ಸುತ್ತಮುತ್ತ ಲಗ್ನಪತ್ರಿಕೆ ಅಂಗಡಿಗಳು, ಮುದ್ರಣಾಲಯಗಳು, ಕಾಗದದ ಮಳಿಗೆಗಳು. ಪಕ್ಕದ ಅಕ್ಕಿಪೇಟೆಯಲ್ಲಿ ಔಷಧಗಳ ಸಗಟು ವ್ಯಾಪಾರ. ಇನ್ಸುಲಿನ್ ಐಸ್ ಡಬ್ಬಿಯಲ್ಲಿ ಬರುತ್ತದೆ ಎಂಬುದು ಇಲ್ಲಿನ ಕೆಲವು ಮಕ್ಕಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವರ ಮನೆಯವರು ಅದನ್ನು ಇಳಿಸುವ ಕೆಲಸದಲ್ಲಿದ್ದಾರೆ.

ಪಾಠ ಯೋಜನೆಯ ಹೊರಗಿನಿಂದ ಬಂದ ಪ್ರಶ್ನೆ

ಮೊದಲ ಅವಧಿ ಯೋಜನೆಯಂತೆಯೇ ನಡೆಯಿತು. ಊಟವಾದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ, ಮೇದೋಜೀರಕ ಗ್ರಂಥಿಯ ಕೋಶಗಳು ಅದನ್ನು ಗುರುತಿಸಿ ಇನ್ಸುಲಿನ್ ಬಿಡುತ್ತವೆ, ಗ್ಲೂಕೋಸ್ ಇಳಿದಂತೆ ಇನ್ಸುಲಿನ್ ಸ್ರವಿಕೆಯೂ ಇಳಿಯುತ್ತದೆ. ಕಪ್ಪುಹಲಗೆಯ ಮೇಲೆ ಬಾಣದ ಗುರುತುಗಳ ವೃತ್ತ ಬರೆದಾಯಿತು. ಅವಧಿ ಮುಗಿಯಲು ಐದು ನಿಮಿಷ ಇರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಹೊಸ ಕೋಶ ಹಾಕಿದ್ರೆ ಇನ್ಸುಲಿನ್ ಚುಚ್ಚೋದೇ ಬೇಡವಂತೆ, ಮೊಬೈಲಲ್ಲಿ ಬಂದಿತ್ತು” ಎಂದ. ನಮ್ಮ ತರಗತಿಯಲ್ಲಿ ಹಲಗೆಯ ಬಲಗಡೆ ‘ಪ್ರಶ್ನೆ ಮೂಲೆ’ ಎಂದು ಒಂದು ಜಾಗ ಬಿಟ್ಟಿದ್ದೆ. ಪ್ರಶ್ನೆಯನ್ನು ಅಲ್ಲಿ ಬರೆದು, ನಾಳೆ ನೋಡೋಣ ಎಂದೆ.

ಮರುದಿನ ಪ್ರಾರ್ಥನೆಗೆ ಮುಂಚೆ ಒಬ್ಬ ತಾಯಿ ಶಿಕ್ಷಕರ ಕೊಠಡಿಯ ಹೊರಗೆ ಕಾಯುತ್ತಿದ್ದರು. ಅವರ ಮಗಳು ಅದೇ ತರಗತಿಯವಳು. ಅವಳಿಗೆ ಎಂಟು ವರ್ಷದಿಂದ ಟೈಪ್ 1 ಮಧುಮೇಹ. ಶಾಲೆಯಲ್ಲಿ ಮುಖ್ಯಶಿಕ್ಷಕಿ ಮತ್ತು ತರಗತಿ ಶಿಕ್ಷಕರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನದ ಇಂಜೆಕ್ಷನ್ನನ್ನು ಸ್ಟಾಫ್ ರೂಮಿನ ಪಕ್ಕದ ಚಿಕ್ಕ ಕೋಣೆಯಲ್ಲಿ ತೆಗೆದುಕೊಳ್ಳುತ್ತಾಳೆ. “ಗೊತ್ತಾದ್ರೆ ಮುಂದೆ ಮದುವೆಗೆ ತೊಂದ್ರೆ ಮೇಡಂ” ಎಂದರು ತಾಯಿ. ಅವರು ಕೇಳಲು ಬಂದಿದ್ದು ಬೇರೆ. ಯಾರೋ ಒಂದು ಕ್ಲಿನಿಕ್ಕಿನ ವಿಳಾಸ ಕೊಟ್ಟಿದ್ದಾರೆ, ಅಲ್ಲಿ ಕಾಂಡಕೋಶ ಹಾಕುತ್ತಾರಂತೆ, ಒಡವೆ ಇಟ್ಟರೆ ದುಡ್ಡು ಹೊಂದುತ್ತದೆ, ಹಾಕಿಸಿದ ಮೇಲೆ ಇನ್ಸುಲಿನ್ ನಿಧಾನವಾಗಿ ನಿಲ್ಲಿಸಬಹುದಂತೆ. “ನೀವೂ ಅದನ್ನೇ ಪಾಠ ಮಾಡ್ತೀರಂತಲ್ಲ, ಮಗು ಹೇಳ್ತು. ನಿಜಾನಾ?”

ಬಿ.ಇಡಿ. ಓದುತ್ತಿರುವವಳು ವೈದ್ಯಕೀಯ ಸಲಹೆ ಕೊಡಬಾರದು, ನಿಜ. ಆದರೆ ಒಂದು ಮಾತನ್ನು ಹೇಳದೆ ಇರುವಂತಿರಲಿಲ್ಲ. ಟೈಪ್ 1 ಇರುವವರು ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲಗಳು ಏರಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಯಾರು ಏನೇ ಹೇಳಿದರೂ ಮಗಳನ್ನು ನೋಡುತ್ತಿರುವ ವೈದ್ಯರನ್ನು ಕೇಳದೆ ಒಂದು ಡೋಸನ್ನೂ ತಪ್ಪಿಸಬೇಡಿ ಎಂದೆ. ಉಳಿದದ್ದನ್ನು ಆ ಕ್ಲಿನಿಕ್ಕಿನವರನ್ನು ಕೇಳಬೇಕಾದ ಎರಡು ಪ್ರಶ್ನೆಗಳಾಗಿ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೊದಲನೆಯದು: ಇದು ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಎಷ್ಟು? 2009ರ ಜೂನ್‌ನಿಂದ ಇಂಥ ಪ್ರಯೋಗಗಳನ್ನು ನೋಂದಾಯಿಸುವುದು ಕಡ್ಡಾಯ, ಮತ್ತು ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಎರಡನೆಯದು: ಟ್ರಯಲ್ ಆಗಿದ್ದರೆ ಹಣ ಏಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಕಾಂಡಕೋಶ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಕಸಿಗಳನ್ನು ಬಿಟ್ಟರೆ ಉಳಿದೆಲ್ಲ ಕಾಂಡಕೋಶ ಬಳಕೆಯೂ ಅನುಮತಿ ಪಡೆದ ಪ್ರಯೋಗದ ಒಳಗೇ ನಡೆಯಬೇಕು. ಪ್ರಯೋಗಕ್ಕೆ ಒಳಗಾಗುವವರಿಂದ ಅದರ ಹಣ ಪಡೆಯುವಂತಿಲ್ಲ.

ತಾಯಿ ಚೀಟಿ ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಹೋದರು. ಎರಡನೇ ಅವಧಿಯ ಪಾಠ ಟಿಪ್ಪಣಿಯನ್ನು ನಾನು ಆ ಬೆಳಿಗ್ಗೆಯೇ ಹೊಸದಾಗಿ ಬರೆದೆ. ನಲವತ್ತೊಂದು ಮಕ್ಕಳಲ್ಲಿ ಒಬ್ಬಳು ನನ್ನ ವಾಕ್ಯಗಳನ್ನು ಮನೆಗೆ ಒಯ್ಯುತ್ತಾಳೆ, ಅಲ್ಲಿ ಅವುಗಳ ಮೇಲೆ ಒಂದು ತೀರ್ಮಾನವಾಗಬಹುದು. ‘ವಿಜ್ಞಾನ ಎಷ್ಟು ಮುಂದುವರಿದಿದೆ ನೋಡಿ’ ಎಂದು ಹೇಳಿ ಮುಂದೆ ಹೋಗುವ ಪಾಠ ಇಲ್ಲಿ ಸಲ್ಲದು. ‘ಅದೆಲ್ಲ ಸುಳ್ಳು’ ಎನ್ನುವುದೂ ಸಲ್ಲದು, ಏಕೆಂದರೆ ಅದು ಸುಳ್ಳಲ್ಲ.

ಗಸಗಸೆ ಮತ್ತು ಮೈದಾ

ಎರಡನೇ ಅವಧಿಯನ್ನು ಎರಡು ‘ಶುಗರ್’ಗಳಿಂದ ಶುರುಮಾಡಿದೆ. ಪೇಟೆಯ ಮನೆಗಳಲ್ಲಿ ಸಕ್ಕರೆ ಕಾಯಿಲೆ ಎಂದರೆ ತಾತನದು, ಮಾತ್ರೆ ನುಂಗುವುದು, ನಡೆಯುವುದು, ಸಿಹಿ ಬಿಡುವುದು. ಅದು ಟೈಪ್ 2: ಇನ್ಸುಲಿನ್ ಇರುತ್ತದೆ, ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಬರಬರುತ್ತ ಇನ್ಸುಲಿನ್ನೂ ಸಾಲದಾಗುತ್ತದೆ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಯುವಕರಲ್ಲಿ ಕಾಣಿಸಿಕೊಳ್ಳುತ್ತದೆ. ಸಿಹಿ ತಿಂದಿದ್ದರಿಂದ ಬರುವುದಲ್ಲ, ಅಂಟುವುದೂ ಅಲ್ಲ. ಈ ಕೊನೆಯ ವಾಕ್ಯವನ್ನು ಹಲಗೆಯ ಮೇಲೆ ಬರೆದು ಎಲ್ಲರಿಂದಲೂ ಓದಿಸಿದೆ. ಯಾರ ಮುಖವನ್ನೂ ನೋಡದೆ ಓದಿಸಲು ಸ್ವಲ್ಪ ಪ್ರಯತ್ನ ಬೇಕಾಯಿತು.

ಆಮೇಲೆ, ನಾಶವಾದ ಕೋಶದ ಜಾಗಕ್ಕೆ ಬೇರೆ ಕೋಶ ಹಾಕಬಾರದೇ ಎಂಬ ಪ್ರಶ್ನೆ. ಇದು ಹೊಸ ಯೋಚನೆಯಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಉಳಿದ ಅಂಗಾಂಶಕ್ಕಿಂತ ಬೇರೆಯಾಗಿ ಕಾಣುವ ಕೋಶಗಳ ಚಿಕ್ಕ ಗುಂಪುಗಳಿವೆ ಎಂದು 1869ರಲ್ಲಿ ಬರೆದವರು ಬರ್ಲಿನ್‌ನ ಪಾಲ್ ಲ್ಯಾಂಗರ್‌ಹ್ಯಾನ್ಸ್. ಆಗ ಅವರಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ. (ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಪ್ರಶಿಕ್ಷಣಾರ್ಥಿಗಳಿಗಿಂತ ಚಿಕ್ಕವರು.) ಆ ಗುಂಪುಗಳು ಏನು ಮಾಡುತ್ತವೆ ಎಂದು ಅವರಿಗೆ ತಿಳಿದಿರಲಿಲ್ಲ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ನಾಲ್ಕೇ ವರ್ಷಗಳಲ್ಲಿ, 1893ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 15 ವರ್ಷದ ಹುಡುಗನ ಚರ್ಮದಡಿ ಕುರಿಯ ಮೇದೋಜೀರಕ ಗ್ರಂಥಿಯ ತುಣುಕುಗಳನ್ನು ಇಟ್ಟರು. ಮೂರು ದಿನದಲ್ಲಿ ಹುಡುಗ ತೀರಿಕೊಂಡ. ಇನ್ಸುಲಿನ್ ಸಿಗುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಕಸಿಯ ಪ್ರಯತ್ನ ನಡೆದಿತ್ತು ಎಂಬುದು ಮಕ್ಕಳಿಗೆ ಆಶ್ಚರ್ಯ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪಡೆದ ಮೊದಲ ರೋಗಿ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ತಮ್ಮದೇ ವಯಸ್ಸು ಎಂದ ಕೂಡಲೇ ತರಗತಿ ನಿಶ್ಶಬ್ದವಾಯಿತು.

ಈಗ ಚಟುವಟಿಕೆ. ಮೇದೋಜೀರಕ ಗ್ರಂಥಿಯ ತೂಕ ಸುಮಾರು 80ರಿಂದ 100 ಗ್ರಾಂ. ಅದರಲ್ಲಿ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ಶೇ 1ರಿಂದ 2 ಮಾತ್ರ, ಆದರೆ ಎಣಿಸಿದರೆ ಸುಮಾರು ಹತ್ತು ಲಕ್ಷ. ಮುದ್ರಣಾಲಯದ ಹುಡುಗನೊಬ್ಬ ತಾನಾಗಿಯೇ ಲೆಕ್ಕ ಹಾಕಿದ: ಐನೂರು ಹಾಳೆಯ ಒಂದು ರಿಮ್‌ನಲ್ಲಿ ಐದರಿಂದ ಹತ್ತು ಹಾಳೆ. ನಾನು ಚಾರ್ಟಿನಲ್ಲಿ ಬರೆದುಕೊಂಡು ಬಂದಿದ್ದ ವೃತ್ತಚಿತ್ರಕ್ಕಿಂತ ಈ ರಿಮ್ಮೇ ಎಲ್ಲರಿಗೂ ಹಿಡಿಸಿತು.

ಐದು ಗುಂಪುಗಳಿಗೆ ತಲಾ 100 ಗ್ರಾಂ ಮೈದಾ ಕಲಸಿದ ಉಂಡೆ ಕೊಟ್ಟೆ; ಪ್ರತಿಯೊಂದರಲ್ಲಿ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದ 1 ಗ್ರಾಂ ಗಸಗಸೆ. ಒಂದು ಬಕೆಟ್ ನೀರು, ಒಂದು ಟೀ ಸೋಸುವ ಜರಡಿ. ಗಸಗಸೆಯನ್ನು ಜಜ್ಜದೆ ಹೊರಗೆ ತೆಗೆಯಬೇಕು. ಅಕ್ಕಿಹಿಟ್ಟು ಏಕೆ ಬೇಡ, ಮೈದಾ ಏಕೆ ಬೇಕು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಕ್ಕಿಹಿಟ್ಟು ನೀರಿನಲ್ಲಿ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಮೈದಾ ತೊಳೆದರೆ ಪಿಷ್ಟ ಹೋಗಿ ರಬ್ಬರಿನಂಥ ಅಂಟು ಉಳಿಯುತ್ತದೆ, ಗಸಗಸೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನಿಜವಾದ ಗ್ರಂಥಿಯಲ್ಲೂ ಕಿರುದ್ವೀಪಗಳನ್ನು ಹಿಡಿದಿಟ್ಟಿರುವುದು ಕೊಲಾಜನ್ ಎಂಬ ಪ್ರೋಟೀನಿನ ಹಂದರ. ಅದನ್ನು ಕರಗಿಸಲು ಕೊಲಾಜನೇಸ್ ಕಿಣ್ವ ಬೇಕು. ಹೆಚ್ಚು ಹೊತ್ತು ಬಿಟ್ಟರೆ ಕಿರುದ್ವೀಪಗಳೇ ಒಡೆಯುತ್ತವೆ, ಕಡಿಮೆ ಬಿಟ್ಟರೆ ಹೊರಗೆ ಬರುವುದಿಲ್ಲ. ಪಾಲ್ ಲೇಸಿ 1967ರಲ್ಲಿ ಇಲಿಯ ಗ್ರಂಥಿಯಿಂದ ಹೀಗೆ ಬೇರ್ಪಡಿಸಿದರು. ಮನುಷ್ಯನ ಗ್ರಂಥಿಗೆ ಒಗ್ಗುವ ಯಂತ್ರವಿಧಾನವನ್ನು ಕ್ಯಾಮಿಲ್ಲೊ ರಿಕಾರ್ಡಿ ರೂಪಿಸಿದ್ದು 1988ರಲ್ಲಿ. ನಡುವಿನ ಇಪ್ಪತ್ತು ವರ್ಷ ಏಕೆ ಬೇಕಾಯಿತು ಎಂದು ಕೈಗೆ ಅಂಟು ಮೆತ್ತಿಕೊಂಡಿದ್ದ ಮಕ್ಕಳು ಕೇಳಲಿಲ್ಲ.

ಹದಿನೈದು ನಿಮಿಷದ ನಂತರ ಸಿಕ್ಕ ಗಸಗಸೆಯನ್ನು ಕಾಗದದ ಮೇಲೆ ಹರಡಿ, ಮರುದಿನ ಒಣಗಿದ ಮೇಲೆ ತೂಗಿದೆವು. ಅತಿ ಚೆನ್ನಾಗಿ ಮಾಡಿದ ಗುಂಪಿಗೆ 0.6 ಗ್ರಾಂ, ಅವಸರ ಮಾಡಿದ ಗುಂಪಿಗೆ 0.3. ಹಾಗಾದರೆ ಒಂದು ಗ್ರಾಂ ಬೇಕಾದ ರೋಗಿಗೆ ಎಷ್ಟು ಉಂಡೆ ಬೇಕು? ಎರಡು, ಕೆಲವರಿಗೆ ಮೂರು ಎಂದರು. ಮುಂದೆ ಹೇಳಲಿರುವ ಎಡ್ಮಂಟನ್‌ನಲ್ಲಿ ಪ್ರತಿ ರೋಗಿಗೂ ಬೇಕಾದ ದಾನಿಗಳ ಸಂಖ್ಯೆಯೂ ಅದೇ: ಎರಡು, ಕೆಲವೊಮ್ಮೆ ಮೂರು.

ಬೇರ್ಪಡಿಸಿದ ಕಿರುದ್ವೀಪಗಳನ್ನು ಎಲ್ಲಿಗೆ ಹಾಕುತ್ತಾರೆ? ಮೇದೋಜೀರಕ ಗ್ರಂಥಿಗೇ ಎಂದು ಎಲ್ಲರೂ ಹೇಳಿದರು. ಯಕೃತ್ತಿಗೆ ಹೋಗುವ ಪೋರ್ಟಲ್ ಅಭಿಧಮನಿಯ ಮೂಲಕ ಹನಿಹನಿಯಾಗಿ ಬಿಡುತ್ತಾರೆ, ಅವು ಯಕೃತ್ತಿನಲ್ಲೇ ನೆಲೆಯೂರುತ್ತವೆ ಎಂದಾಗ ಯಾರೂ ಒಪ್ಪಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಜೀರ್ಣಕಿಣ್ವಗಳಿವೆ, ಅದನ್ನು ಚುಚ್ಚಿ ಕೆಣಕಿದರೆ ಉರಿಯೂತ ಬರುವ ಅಪಾಯ. ಹಾರ್ಮೋನಿಗೆ ನಾಳ ಬೇಡ, ರಕ್ತ ಸಾಕು, ಆದ್ದರಿಂದ ಕೋಶ ಎಲ್ಲಿದ್ದರೂ ಗ್ಲೂಕೋಸನ್ನು ಗುರುತಿಸಿ ಕೆಲಸ ಮಾಡಬಲ್ಲದು. ನಿರ್ನಾಳ ಗ್ರಂಥಿ ಎಂಬ ಪದದ ಅರ್ಥ ಮಕ್ಕಳಿಗೆ ನಿಜವಾಗಿ ತಲುಪಿದ್ದು ಆಗ. ನನ್ನ ನಿರ್ದಿಷ್ಟ ಉದ್ದೇಶಗಳ ಪಟ್ಟಿಯಲ್ಲಿ ಅದು ಮೊದಲ ಅವಧಿಗೆ ಸೇರಿತ್ತು.

ಇಂಜೆಕ್ಷನ್‌ಗೂ ಕೋಶಕ್ಕೂ ಇರುವ ವ್ಯತ್ಯಾಸವನ್ನು ಹಿಮ್ಮಾಹಿತಿ ವೃತ್ತದ ಮೇಲೆಯೇ ತೋರಿಸಿದೆ. ಸಿರಿಂಜಿಗೆ ಗ್ಲೂಕೋಸ್ ಎಷ್ಟಿದೆ ಎಂದು ತಿಳಿಯುವುದಿಲ್ಲ. ಅಳೆಯುವುದು, ಲೆಕ್ಕ ಹಾಕುವುದು, ಚುಚ್ಚುವುದು ಎಲ್ಲವೂ ಮನುಷ್ಯನ ಕೆಲಸ. ಲೆಕ್ಕ ಹೆಚ್ಚಾದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯುತ್ತದೆ. ಕೋಶವಾದರೆ ಅಳೆಯುವುದೂ ಅದೇ, ಬಿಡುವುದೂ ಅದೇ. ಕಸಿಯ ಆಸೆ ಇರುವುದು ಇಲ್ಲಿ. ತೊಂದರೆ ಇರುವುದು ಇದರ ಪಕ್ಕದಲ್ಲೇ: ಬೇರೆಯವರ ಕೋಶವನ್ನು ದೇಹ ತಿರಸ್ಕರಿಸುತ್ತದೆ, ಮೇಲಾಗಿ ಹಳೆಯ ಬೀಟಾ ಕೋಶಗಳನ್ನು ಕೊಂದ ಅದೇ ರೋಗನಿರೋಧಕ ವ್ಯವಸ್ಥೆ ಹೊಸವನ್ನೂ ಕೊಲ್ಲಬಹುದು. ಆದ್ದರಿಂದ ಕಸಿಯಾದವರು ಆ ವ್ಯವಸ್ಥೆಯನ್ನು ತಗ್ಗಿಸುವ ಔಷಧಗಳನ್ನು ಕಸಿಯಾದ ಕೋಶಗಳು ಇರುವವರೆಗೂ ತೆಗೆದುಕೊಳ್ಳಬೇಕು. ಸೋಂಕುಗಳು ಬೇಗ ತಗಲುತ್ತವೆ, ಕೆಲವು ಔಷಧಗಳು ಮೂತ್ರಪಿಂಡಕ್ಕೆ ಹೊರೆ. “ಹಾಗಾದ್ರೆ ಚುಚ್ಚೋದು ಬಿಟ್ಟು ನುಂಗೋದು ಹಿಡಿದ ಹಾಗಾಯ್ತಲ್ಲ ಮಿಸ್” ಎಂದಳು ಮುಂದಿನ ಬೆಂಚಿನ ಹುಡುಗಿ. ಈ ಕಸಿಯನ್ನು ಸಾಮಾನ್ಯವಾಗಿ ಯಾರಿಗೆ ಮಾಡಿದ್ದಾರೆ ಎಂಬುದಕ್ಕೆ ಉತ್ತರವೂ ಅದೇ: ಸಕ್ಕರೆ ಇಳಿಯುವುದು ತಮಗೇ ಗೊತ್ತಾಗದೆ ಮತ್ತೆ ಮತ್ತೆ ಪ್ರಜ್ಞೆ ತಪ್ಪುವಂಥ ವಯಸ್ಕರಿಗೆ. ಮಕ್ಕಳಿಗಲ್ಲ.

ಏಳರಲ್ಲಿ ಏಳು, ಹನ್ನೆರಡರಲ್ಲಿ ಹತ್ತು

ಮೂರನೇ ಅವಧಿ ಬಹುತೇಕ ಗಣಿತ. ನಮ್ಮ ವಿಧಾನ ಉಪನ್ಯಾಸಕಿ ವೀಕ್ಷಣೆಗೆ ಬಂದಿದ್ದು ಇದೇ ದಿನ.

ಹಲಗೆಯ ಮೇಲೆ ಒಂದು ಸಾಲು ಬರೆದೆ: 2000, ಕೆನಡಾದ ಎಡ್ಮಂಟನ್, ಜೇಮ್ಸ್ ಶಪೀರೋ ಅವರ ತಂಡ, ಏಳು ರೋಗಿಗಳು, ಏಳು ಜನರೂ ಇನ್ಸುಲಿನ್ ಇಲ್ಲದೆ. ಇದು ಶೇಕಡ ಎಷ್ಟು? ನೂರು. ನೀವು ಪತ್ರಿಕೆಯವರಾದರೆ ಏನು ಶೀರ್ಷಿಕೆ ಕೊಡುತ್ತೀರಿ? ‘ಮಧುಮೇಹಕ್ಕೆ ಕೊನೆ’, ‘ಇನ್ಸುಲಿನ್‌ಗೆ ವಿದಾಯ’ ಎಂದೆಲ್ಲ ಬಂತು. ಆಮೇಲೆ ಎರಡನೇ ಸಾಲು ಬರೆದೆ: 2005, ಅದೇ ತಂಡ, 65 ರೋಗಿಗಳು, ಐದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಉಳಿದವರು ಸುಮಾರು ಶೇ 10. ಯಾರೂ ಮಾತಾಡಲಿಲ್ಲ. ಮೊದಲ ಸಾಲು ಸುಳ್ಳೇ ಎಂದು ಕೇಳಿದೆ. ಅಲ್ಲ. ಎರಡನೆಯದು? ಅದೂ ಅಲ್ಲ. ಮತ್ತೆ ವ್ಯತ್ಯಾಸ ಎಲ್ಲಿದೆ? ‘ಎಷ್ಟು ಜನ’ ಮತ್ತು ‘ಎಷ್ಟು ದಿನ’ ಎಂಬ ಎರಡು ಮಾತುಗಳು ಮಕ್ಕಳಿಂದಲೇ ಬಂದವು. ಪಾಠದ ಉಳಿದ ಭಾಗವನ್ನು ಆ ಎರಡರ ಮೇಲೆಯೇ ನಡೆಸಿದೆ. ಇನ್ನೊಂದು ಅಂಶವನ್ನೂ ಸೇರಿಸಿದೆ, ಇಲ್ಲದಿದ್ದರೆ ಚಿತ್ರ ಬರೀ ಕಪ್ಪಾಗುತ್ತಿತ್ತು: ಐದು ವರ್ಷದ ನಂತರವೂ ಸುಮಾರು ಶೇ 80 ಜನರಲ್ಲಿ ಕಸಿ ಕೋಶಗಳು ಸ್ವಲ್ಪವಾದರೂ ಇನ್ಸುಲಿನ್ ಮಾಡುತ್ತಲೇ ಇದ್ದವು. ಇನ್ಸುಲಿನ್ ಬಿಡುವುದೊಂದೇ ಗೆಲುವಲ್ಲ.

ದಾನಿಗಳ ಲೆಕ್ಕವನ್ನು ನಮ್ಮ ರಾಜ್ಯಕ್ಕೆ ತಂದೆವು. ಅಂಗಾಂಗ ದಾನವನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಮೂಲಕ 2023ರಲ್ಲಿ ಕರ್ನಾಟಕದಲ್ಲಿ ಮರಣಾನಂತರ ಅಂಗಾಂಗ ದಾನ ಮಾಡಿದವರು 178. ಪ್ರತಿಯೊಬ್ಬರ ಮೇದೋಜೀರಕ ಗ್ರಂಥಿಯೂ ಬಳಕೆಗೆ ಬರುತ್ತದೆ ಎಂದೇ ಇಟ್ಟುಕೊಂಡರೂ (ಬರುವುದಿಲ್ಲ), ಒಬ್ಬ ರೋಗಿಗೆ ಇಬ್ಬರು ದಾನಿಗಳಂತೆ 89 ರೋಗಿಗಳು. ಇನ್ನೊಂದು ಕಡೆ, 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ಪ್ರಕಾರ ಟೈಪ್ 1 ಹೊಸದಾಗಿ ಕಾಣಿಸಿಕೊಳ್ಳುವ ಪ್ರಮಾಣ ಲಕ್ಷ ಹುಡುಗರಿಗೆ 3.7, ಲಕ್ಷ ಹುಡುಗಿಯರಿಗೆ 4. ರಾಜ್ಯದಲ್ಲಿ ಹದಿನೈದರೊಳಗಿನ ಮಕ್ಕಳು ಒಂದೂವರೆ ಕೋಟಿ ಎಂದು ಅಂದಾಜು ಹಿಡಿದರೆ ವರ್ಷಕ್ಕೆ ಸುಮಾರು 600 ಹೊಸ ಮಕ್ಕಳು. 89ರಿಂದ 600ಕ್ಕೆ ಕೊಡುವುದು ಹೇಗೆ? ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವ ಸಾಹಸಕ್ಕೆ ಕಾರಣ ಈ ಭಾಗಾಕಾರದಲ್ಲೇ ಇದೆ. ಕಾಂಡಕೋಶ ಎಂಬ ಪದವನ್ನು ಅಲ್ಲಿಯವರೆಗೆ ನಾನು ಬೇಕೆಂದೇ ಬಳಸಿರಲಿಲ್ಲ. ಅಗತ್ಯ ತಿಳಿದ ಮೇಲೆ ಪದ ಬಂದರೆ ಅದಕ್ಕೆ ಮಾಯದ ಹೊಳಪು ಇರುವುದಿಲ್ಲ.

ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಅವರ ತಂಡ 2014ರಲ್ಲಿ ಕಾಂಡಕೋಶಗಳಿಂದ ಬೀಟಾ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ವಿಧಾನ ಪ್ರಕಟಿಸಿತು. ಆ ದಾರಿಯಲ್ಲಿ ಬಂದ ವರ್ಟೆಕ್ಸ್ ಕಂಪನಿಯ ಪ್ರಯೋಗದ ಫಲಿತಾಂಶ 2025ರ ಜೂನ್‌ನಲ್ಲಿ ಹೊರಬಂತು. ಪೂರ್ಣ ಡೋಸ್ ಪಡೆದ 12 ಜನರಲ್ಲಿ ವರ್ಷದ ಕೊನೆಗೆ 10 ಜನ ಇನ್ಸುಲಿನ್ ಇಲ್ಲದೆ ಇದ್ದರು. ಸಕ್ಕರೆ ತೀವ್ರವಾಗಿ ಇಳಿಯುವ ಘಟನೆಗಳು ಮೂರು ತಿಂಗಳ ನಂತರ ಹನ್ನೆರಡು ಜನರಲ್ಲೂ ನಿಂತಿದ್ದವು. ಶೇಕಡ 83. ನಮ್ಮ ತರಗತಿಯಲ್ಲಿ ಶೇ 83 ತೆಗೆದವರು ಉನ್ನತ ಶ್ರೇಣಿ. ಆದರೆ ಹತ್ತರ ಬದಲು ಒಂಬತ್ತು ಜನ ಆಗಿದ್ದರೆ? ಶೇ 75. ಒಬ್ಬ ವ್ಯಕ್ತಿಯ ಫಲಿತಾಂಶ ಬದಲಾದರೆ ಎಂಟು ಅಂಕ ಇಳಿಯುವ ಪರೀಕ್ಷೆ ಇದು. 1,200 ಜನರಲ್ಲಿ ಒಬ್ಬರು ಬದಲಾದರೆ ಎಷ್ಟು ಇಳಿಯುತ್ತದೆ ಎಂಬುದನ್ನೂ ಮಾಡಿಸಿದೆ. ಒಟ್ಟು 14 ಜನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ: ಒಬ್ಬರು ಶಿಲೀಂಧ್ರದಿಂದ ಬಂದ ಮಿದುಳುಪೊರೆಯ ಸೋಂಕಿನಿಂದ, ಇನ್ನೊಬ್ಬರು ಮೊದಲೇ ಇದ್ದ ಮಿದುಳಿನ ಕಾಯಿಲೆ ಉಲ್ಬಣಿಸಿ. ರೋಗನಿರೋಧಕ ಶಕ್ತಿ ತಗ್ಗಿಸಿದವರಲ್ಲಿ ಅಂಥ ಶಿಲೀಂಧ್ರ ಸೋಂಕಿನ ಭಯ ಹೆಚ್ಚು. ಹತ್ತನೇ ತರಗತಿಗೆ ಸಾವಿನ ವಿಷಯ ಬೇಕೇ ಎಂದು ಶಾಲೆಯ ವಿಜ್ಞಾನ ಶಿಕ್ಷಕರು ಹಿಂದಿನ ದಿನ ಕೇಳಿದ್ದರು. ಅದನ್ನು ಬಿಟ್ಟು ಬರೀ 83 ಹೇಳಿದರೆ, ನಾನು ಆ ತಾಯಿಗೆ ವಿಳಾಸ ಕೊಟ್ಟವರ ಸಾಲಿಗೇ ಸೇರುತ್ತೇನೆ ಎಂಬುದು ನನ್ನ ಅಭಿಪ್ರಾಯ. ಅವರಿಗೂ ಹಾಗೆಯೇ ಹೇಳಿದೆ.

ಔಷಧ ತಗ್ಗಿಸುವ ಪ್ರಯತ್ನಗಳನ್ನು ಬೇಗ ಹೇಳಿ ಮುಗಿಸಿದೆ. ಚೀನಾದ ಟಿಯಾಂಜಿನ್‌ನಲ್ಲಿ 25 ವರ್ಷದ ಮಹಿಳೆಗೆ ಅವಳದೇ ಕೊಬ್ಬಿನ ಕೋಶಗಳಿಂದ ತಯಾರಿಸಿದ ಕಿರುದ್ವೀಪಗಳನ್ನು ಹೊಟ್ಟೆಯ ಸ್ನಾಯುವಿನ ಪೊರೆಯಡಿ ಹಾಕಿದರು; 75 ದಿನಕ್ಕೆ ಇನ್ಸುಲಿನ್ ನಿಂತಿತು. ಆದರೆ ಆಕೆಗೆ ಮೊದಲೇ ಯಕೃತ್ ಕಸಿಯಾಗಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಯುತ್ತಲೇ ಇತ್ತು, ಆದ್ದರಿಂದ ಔಷಧವಿಲ್ಲದೆ ಆ ಕೋಶಗಳು ಉಳಿಯುತ್ತಿದ್ದವೇ ಎಂಬುದನ್ನು ಆ ಪ್ರಯೋಗ ಹೇಳುವುದಿಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ 42 ವರ್ಷದ ಒಬ್ಬರಿಗೆ, ಜೀನ್ ತಿದ್ದಿ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಮಾಡಿದ ದಾನಿಯ ಕೋಶಗಳನ್ನು ಮುಂಗೈ ಸ್ನಾಯುವಿನಲ್ಲಿ ಇಟ್ಟರು. ಯಾವ ಔಷಧವೂ ಇಲ್ಲದೆ 12 ವಾರಗಳ ನಂತರವೂ ಅವು ಇನ್ಸುಲಿನ್ ಮಾಡುತ್ತಿದ್ದವು. ಹಾಕಿದ್ದು ಕಡಿಮೆ ಪ್ರಮಾಣ, ಆದ್ದರಿಂದ ಅವರ ಇಂಜೆಕ್ಷನ್ ನಿಲ್ಲಲಿಲ್ಲ. ಎರಡರಲ್ಲೂ ‘ಎಷ್ಟು ಜನ’ ಎಂಬ ಪ್ರಶ್ನೆಗೆ ಉತ್ತರ ‘ಒಬ್ಬರು’.

ನಮ್ಮ ದೇಶದಲ್ಲಿ ಏನಾಗಿದೆ ಎಂದು ಕೇಳಿದರು. ಅಹಮದಾಬಾದಿನ ಮೂತ್ರಪಿಂಡ ಸಂಸ್ಥೆಯ ತಂಡ 2010ರಲ್ಲಿ 11 ಜನರ ಮೇಲೆ ಕೊಬ್ಬಿನಿಂದ ಪಡೆದ ಕಾಂಡಕೋಶಗಳ ಪ್ರಯೋಗವನ್ನು ಪ್ರಕಟಿಸಿದೆ. ಇನ್ಸುಲಿನ್ ಅಗತ್ಯ ಇಳಿಯಿತು, ನಿಲ್ಲಲಿಲ್ಲ. ಬೆಂಗಳೂರಿನದೇ ಒಂದು ಉದಾಹರಣೆಯನ್ನು ನಾನಾಗಿ ಹೇಳಿದೆ, ಗೊಂದಲ ಹುಟ್ಟುವುದು ಇಂಥ ಕಡೆಯೇ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶ ಔಷಧಕ್ಕೆ 2016ರಲ್ಲಿ ಮಿತ ಅನುಮತಿ, 2020ರಲ್ಲಿ ಮಾರಾಟದ ಅನುಮತಿ ಪಡೆದಿದೆ. ಅದು ಕಾಲಿನ ರಕ್ತನಾಳ ಕಟ್ಟಿ ಹುಣ್ಣಾಗುವ ಕಾಯಿಲೆಗೆ. ‘ಬೆಂಗಳೂರಿನಲ್ಲಿ ಅನುಮತಿ ಪಡೆದ ಕಾಂಡಕೋಶ ಚಿಕಿತ್ಸೆ ಇದೆ’ ಎಂಬ ವಾಕ್ಯ ನಿಜ. ‘ಆದ್ದರಿಂದ ಮಧುಮೇಹಕ್ಕೂ ಇದೆ’ ಎಂಬುದು ಅದರಿಂದ ಬರುವುದಿಲ್ಲ. ಇನ್ಸುಲಿನ್ ಮಾತ್ರ ಇಲ್ಲೇ ತಯಾರಾಗುತ್ತದೆ; ಬಯೋಕಾನ್ 2004ರಿಂದ ಯೀಸ್ಟ್ ಕೋಶಗಳಲ್ಲಿ ಮಾನವ ಇನ್ಸುಲಿನ್ ತಯಾರಿಸಿ ಮಾರುತ್ತಿದೆ.

ಪ್ರಯೋಗದ ಹಂತಗಳನ್ನು ವಿವರಿಸಲು ನಾನು ಬೇರೇನೋ ಹೋಲಿಕೆ ಸಿದ್ಧಮಾಡಿಕೊಂಡಿದ್ದೆ. ಬೇಕಾಗಲಿಲ್ಲ. “ಪ್ರೂಫ್ ತೆಗೆದ ಹಾಗೆ ಮಿಸ್. ಒಂದು ಚೆನ್ನಾಗಿ ಬಂತು ಅಂತ ಐನೂರು ಹೊಡೆಯಲ್ಲ, ಇನ್ನೊಬ್ಬರ ಕೈಲಿ ಓದಿಸ್ತಾರೆ” ಎಂದ ಲಗ್ನಪತ್ರಿಕೆ ಅಂಗಡಿಯ ಹುಡುಗ. ಪಕ್ಕದವನು ತಕ್ಷಣ, “ಪತ್ರಿಕೆ ತಪ್ಪಾದ್ರೆ ಮತ್ತೆ ಹೊಡೀಬಹುದು, ಮನುಷ್ಯನ್ನ ಹೊಡೆಯಕ್ಕಾಗುತ್ತಾ?” ಎಂದ. ತರಗತಿ ನಕ್ಕಿತು. ಉಪನ್ಯಾಸಕಿ ವೀಕ್ಷಣಾ ಪುಸ್ತಕದಲ್ಲಿ ಈ ಎರಡು ವಾಕ್ಯಗಳನ್ನು ಬರೆದುಕೊಂಡು, ಕೆಳಗೆ ‘ಕಲಿಕಾಂಶ ಪಠ್ಯದ ವ್ಯಾಪ್ತಿ ಮೀರಿದೆ; ಕಾಲ ನಿರ್ವಹಣೆ ಗಮನಿಸಿ’ ಎಂದೂ ಬರೆದರು. ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೋಷ್ಟಕದ ಸಾಲು ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಒಂದು ಅಂಕ. ಹಿಮ್ಮಾಹಿತಿ, ನಿರ್ನಾಳ ಗ್ರಂಥಿ, ಶೇಕಡವಾರು ಮೂರೂ ಪಠ್ಯದವೇ. ಇಲ್ಲಿ ಅವು ಒಂದೇ ಕಡೆ ಕೆಲಸಕ್ಕೆ ಬಂದವು. ಆದರೆ ಎರಡು ಹೆಚ್ಚುವರಿ ಅವಧಿಗಳನ್ನು ಪ್ರತಿ ಪಾಠಕ್ಕೂ ಯಾವ ಶಾಲೆಯೂ ಕೊಡಲಾರದು ಎಂಬುದು ನಿಜ.

ಮೌಲ್ಯಮಾಪನ

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ‘ಒಂದು ಜಾಹೀರಾತು – ನಮ್ಮಲ್ಲಿ ಚಿಕಿತ್ಸೆ ಪಡೆದ 20 ಜನರಲ್ಲಿ 18 ಜನರಿಗೆ ಗುಣ! ಇದನ್ನು ನಂಬುವ ಮೊದಲು ನೀವು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ.’ ಜಾಹೀರಾತು ನಾನೇ ಕಟ್ಟಿದ್ದು. 41ರಲ್ಲಿ 33 ಮಕ್ಕಳು ‘ಎಷ್ಟು ದಿನದವರೆಗೆ’ ಎಂದು ಕೇಳಿದ್ದರು. 26 ಮಕ್ಕಳು ‘ಉಳಿದ ಇಬ್ಬರಿಗೆ ಏನಾಯಿತು’ ಎಂದು ಕೇಳಿದ್ದರು. ಇದನ್ನು ನಾನು ಪಾಠದಲ್ಲಿ ಹೇಳಿಕೊಟ್ಟಿರಲಿಲ್ಲ. ‘ಗುಣ ಎಂದರೆ ಏನು’ ಎಂದು ಕೇಳಿದವರು ನಾಲ್ಕೇ ಜನ. ಯಾವ ಬಗೆಯ ಮಧುಮೇಹ ಎಂದು ಕೇಳಿದವರು ಒಂಬತ್ತು, ಅದು ಕಡಿಮೆ. ಎರಡು ಬಗೆಗಳ ವ್ಯತ್ಯಾಸಕ್ಕೆ ಹತ್ತು ನಿಮಿಷ ಸಾಲದು, ಮುಂದೆ ಈ ಪಾಠ ಮಾಡುವವರು ಅದಕ್ಕೆ ಹೆಚ್ಚು ಹೊತ್ತು ಇಡಬೇಕು.

ಆ ತಾಯಿ ವಾರದ ನಂತರ ಮತ್ತೆ ಬಂದರು. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಕ್ಲಿನಿಕ್ಕಿನವರು ‘ಅದೆಲ್ಲ ನಿಮಗೆ ಅರ್ಥವಾಗಲ್ಲ’ ಎಂದರಂತೆ. ಮಗಳ ವೈದ್ಯರಿಗೆ ಚೀಟಿ ತೋರಿಸಿದ್ದಾರೆ. ಒಡವೆ ಇನ್ನೂ ಮನೆಯಲ್ಲೇ ಇದೆ. ಮುಂದೆ ನಿಜವಾದ ಪ್ರಯೋಗ ಭಾರತಕ್ಕೆ ಬಂದರೆ ಮಗಳನ್ನು ಸೇರಿಸಬಹುದೇ ಎಂದು ಕೇಳಿದರು. ಅದನ್ನು ವೈದ್ಯರ ಜೊತೆ ಆಗಲೇ ಮಾತಾಡಬೇಕು, ಅಲ್ಲಿಯವರೆಗೆ ಇನ್ಸುಲಿನ್ ತಪ್ಪದೆ ಅವಳನ್ನು ಆರೋಗ್ಯವಾಗಿ ಇಡುವುದೇ ಅದಕ್ಕೆ ಮಾಡಿಕೊಳ್ಳಬಹುದಾದ ತಯಾರಿ ಎಂದೆ.

ಚಟುವಟಿಕೆ ಮಾಡಲು ಬಯಸುವವರಿಗೆ: ಮೈದಾವನ್ನು ಅರ್ಧ ಗಂಟೆ ಮೊದಲೇ ಗಟ್ಟಿಯಾಗಿ ಕಲಸಿಡಿ, ಇಲ್ಲದಿದ್ದರೆ ಅಂಟು ಕಟ್ಟುವುದಿಲ್ಲ. ಗಸಗಸೆ ದುಬಾರಿ, ಐದು ಗುಂಪಿಗೆ ಐದು ಗ್ರಾಂ ಸಾಕು. ತೊಳೆದ ನೀರನ್ನು ಸಿಂಕಿಗೆ ಸುರಿದರೆ ಕಟ್ಟಿಕೊಳ್ಳುತ್ತದೆ, ಗಿಡದ ಬುಡಕ್ಕೆ ಹಾಕಿಸಿ. ಪ್ರಶ್ನೆ ಮೂಲೆಯಲ್ಲಿ ಉಳಿದ ಮೂರು ಪ್ರಶ್ನೆಗಳನ್ನು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ ಬಂದಿದ್ದೇನೆ: ಕುರಿಯ ಕೋಶ ಆಗದಿದ್ದರೆ ಹಂದಿಯದು ಆಗುತ್ತದೆಯೇ? ಕಸಿಯಾದ ಕೋಶ ಹೆಚ್ಚಾಗಿ ಇನ್ಸುಲಿನ್ ಬಿಟ್ಟರೆ ಅದನ್ನು ತಡೆಯುವುದು ಹೇಗೆ? ಮತ್ತು, ಪೋರ್ಟಲ್ ಅಭಿಧಮನಿಗೆ ಹಾಕಿದ್ದನ್ನು ಬೇಡವೆಂದರೆ ಹೊರಗೆ ತೆಗೆಯಬಹುದೇ?